ಟ್ರೈಗ್ಲಿಸರೈಡ್ ಜಾಸ್ತಿ ಬಂದಿದೆಯಾ? ರಿಪೋರ್ಟ್‌ನಲ್ಲಿ ಯಾವ ನಂಬರ್ ಹಿಡಿದು ಚಿಕಿತ್ಸೆ ನಡೀಬೇಕು ಅನ್ನೋದು ಇಲ್ಲಿದೆ

2025ರ ಜೂನ್-ಜುಲೈನಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸುದ್ದಿ ಒಂದರ ಹಿಂದೆ ಒಂದು ಬಂದಾಗ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗೆ ಜನ ಕ್ಯೂ ನಿಂತಿದ್ದು ನೆನಪಿರಬಹುದು. ಅಲ್ಲಿವರೆಗೆ ಹೋಗದವರು ಊರಿನ ಲ್ಯಾಬ್‌ನಲ್ಲೇ ಲಿಪಿಡ್ ಪ್ರೊಫೈಲ್ ಮಾಡಿಸಿಕೊಂಡರು. ರಿಪೋರ್ಟ್ ಕೈಗೆ ಬಂದ ಮೇಲೆ ಎಷ್ಟೋ ಜನರ ಕಣ್ಣು ಹೋಗಿ ನಿಲ್ಲೋದು ಒಂದೇ ಸಾಲಿನ ಮೇಲೆ. ಟ್ರೈಗ್ಲಿಸರೈಡ್ 280, 310, 420. ದಪ್ಪ ಅಕ್ಷರ, ಪಕ್ಕದಲ್ಲಿ "ಹೈ" ಅಂತ ಗುರುತು.

ಇದು ನಮ್ಮಲ್ಲಿ ಅಪರೂಪವೇನಲ್ಲ. ಐಸಿಎಂಆರ್-ಇಂಡಿಯಾಬ್ ಅಧ್ಯಯನದ 2014ರ ವರದಿಯಲ್ಲಿ ಪರೀಕ್ಷೆಗೆ ಒಳಪಟ್ಟವರಲ್ಲಿ ಶೇ. 29.5 ಜನಕ್ಕೆ ಟ್ರೈಗ್ಲಿಸರೈಡ್ ಜಾಸ್ತಿ ಇತ್ತು, ಶೇ. 72.3 ಜನಕ್ಕೆ ಎಚ್‌ಡಿಎಲ್ ಕಡಿಮೆ ಇತ್ತು. ಭಾರತೀಯರ ರಕ್ತದ ಮಾದರಿಯೇ ಸ್ವಲ್ಪ ಹೀಗೆ. ಒಟ್ಟು ಕೊಲೆಸ್ಟ್ರಾಲ್ ಅಷ್ಟೇನೂ ಇರಲ್ಲ, ಎಚ್‌ಡಿಎಲ್ ಇಳಿದಿರುತ್ತೆ, ಟ್ರೈಗ್ಲಿಸರೈಡ್ ಏರಿರುತ್ತೆ.

ತೊಂದರೆ ಶುರುವಾಗೋದು ಮುಂದೆ. ಆ ದಪ್ಪ ಅಕ್ಷರದ ನಂಬರ್ ಇಳಿಸೋದೇ ಚಿಕಿತ್ಸೆ ಅಂದುಕೊಂಡು ಅದೊಂದರ ಹಿಂದೆ ಬಿದ್ದರೆ, ನಂಬರ್ ಇಳಿಯುತ್ತೆ, ಹೃದಯದ ಅಪಾಯ ಇದ್ದ ಹಾಗೇ ಇರುತ್ತೆ. ಅದು ಹೇಗೆ ಅಂತ ಸ್ವಲ್ಪ ಬಿಡಿಸಿ ನೋಡೋಣ.

ಸರಕು ಬೇರೆ, ಗಾಡಿ ಬೇರೆ

ಟ್ರೈಗ್ಲಿಸರೈಡ್ ಅಂದರೆ ಕೊಬ್ಬು. ದೇಹ ಉರಿಸಿಕೊಳ್ಳೋ ಇಂಧನ. ಎಣ್ಣೆ ನೀರಲ್ಲಿ ಕರಗಲ್ಲ, ಅದಕ್ಕೆ ರಕ್ತದಲ್ಲಿ ಅದು ಸುಮ್ಮನೆ ತೇಲಿಕೊಂಡು ಹೋಗೋಕಾಗಲ್ಲ. ಲಿಪೊಪ್ರೋಟೀನ್ ಅನ್ನೋ ಸಣ್ಣ ಸಣ್ಣ ಗಾಡಿಗಳಲ್ಲಿ ಲೋಡ್ ಆಗಿ ಹೋಗಬೇಕು. ಆ ಗಾಡಿಗಳಲ್ಲಿ ಟ್ರೈಗ್ಲಿಸರೈಡ್ ಜೊತೆಗೆ ಕೊಲೆಸ್ಟ್ರಾಲ್ ಕೂಡ ಇರುತ್ತೆ. ಲಿವರ್‌ನಿಂದ ಹೊರಡೋ ದೊಡ್ಡ ಗಾಡಿ ವಿಎಲ್‌ಡಿಎಲ್. ದಾರಿಯಲ್ಲಿ ಅದು ಟ್ರೈಗ್ಲಿಸರೈಡ್ ಇಳಿಸುತ್ತಾ ಸಣ್ಣದಾಗುತ್ತೆ. ಅರ್ಧ ಖಾಲಿಯಾದವನ್ನ ರೆಮ್ನೆಂಟ್ ಅಂತಾರೆ. ಪೂರ್ತಿ ಇಳಿಸಿ ಕೊಲೆಸ್ಟ್ರಾಲ್ ಮಾತ್ರ ಉಳಿದದ್ದು ಎಲ್‌ಡಿಎಲ್.

ರಕ್ತನಾಳದ ಗೋಡೆಯೊಳಗೆ ನುಗ್ಗಿ ಸಿಕ್ಕಿಹಾಕಿಕೊಳ್ಳೋದು ಈ ಗಾಡಿಗಳು. ಟ್ರೈಗ್ಲಿಸರೈಡ್ ಆದರೆ ಜೀವಕೋಶಗಳು ಉರಿಸಿಬಿಡ್ತವೆ, ಗಾಡಿ ತಂದ ಕೊಲೆಸ್ಟ್ರಾಲ್ ಮಾತ್ರ ಅಲ್ಲೇ ಉಳಿದು ಗಟ್ಟಿಯಾಗುತ್ತೆ. ಆದ್ದರಿಂದ ಹೃದಯದ ಲೆಕ್ಕದಲ್ಲಿ ಕೇಳಬೇಕಾದ ಪ್ರಶ್ನೆ ರಸ್ತೆ ಮೇಲೆ ಗಾಡಿ ಎಷ್ಟಿವೆ ಅನ್ನೋದು. ಟ್ರೈಗ್ಲಿಸರೈಡ್ ಜಾಸ್ತಿ ಇದ್ದರೆ ಗಾಡಿಗಳೂ ಜಾಸ್ತಿ ಇರೋ ಸಾಧ್ಯತೆ ಇದೆ ಅನ್ನೋದಕ್ಕೆ ಅದೊಂದು ಸುಳಿವು, ಅಷ್ಟೇ.

ಯಾವ ಉದ್ದೇಶಕ್ಕೆ ಯಾವ ನಂಬರ್

ಟ್ರೈಗ್ಲಿಸರೈಡ್ ಜಾಸ್ತಿ ಆದಾಗ ಡಾಕ್ಟರ್ ಮುಂದೆ ಎರಡು ಬೇರೆ ಬೇರೆ ಭಯಗಳಿರ್ತವೆ. ಒಂದು ಮೇದೋಜ್ಜೀರಕ ಗ್ರಂಥಿ, ಅಂದರೆ ಪ್ಯಾಂಕ್ರಿಯಾಸ್. ಇನ್ನೊಂದು ಹೃದಯ. ಎರಡಕ್ಕೂ ನೋಡಬೇಕಾದ ನಂಬರ್ ಬೇರೆ.

ಪ್ಯಾಂಕ್ರಿಯಾಸ್ ವಿಷಯಕ್ಕೆ ಬಂದರೆ ಟ್ರೈಗ್ಲಿಸರೈಡೇ ನೇರ ಗುರುತು. 150ಕ್ಕಿಂತ ಕೆಳಗೆ ಸಾಮಾನ್ಯ, 150ರಿಂದ 199 ಗಡಿ, 200ರಿಂದ 499 ಜಾಸ್ತಿ, 500 ದಾಟಿದರೆ ತುಂಬಾ ಜಾಸ್ತಿ. ಎಲ್ಲವೂ ಒಂದು ಡೆಸಿಲೀಟರ್ ರಕ್ತಕ್ಕೆ ಇಷ್ಟು ಮಿಲಿಗ್ರಾಂ ಅನ್ನೋ ಲೆಕ್ಕ. 500 ದಾಟಿದಾಗ ಪ್ಯಾಂಕ್ರಿಯಾಸ್ ಊತದ ಚಿಂತೆ ಶುರುವಾಗುತ್ತೆ, 1000 ದಾಟಿದರೆ ಅದು ನಿಜವಾದ ಅಪಾಯ. ಈ ಹಂತದಲ್ಲಿ ಲ್ಯಾಬ್‌ನವರು ರಕ್ತ ತಿರುಗಿಸಿ ನೋಡಿದಾಗ ಮೇಲಿನ ಸೀರಂ ಹಾಲಿನ ಥರ ಬೆಳ್ಳಗೆ ಕಾಣುತ್ತೆ. ರಿಪೋರ್ಟ್‌ನಲ್ಲಿ "ಲಿಪೆಮಿಕ್ ಸ್ಯಾಂಪಲ್" ಅಂತ ಬರೆದಿದ್ದರೆ ಅದೇ ಅರ್ಥ. ಆ ಒಂದು ಸಾಲನ್ನ ದಯವಿಟ್ಟು ಕಡೆಗಣಿಸಬೇಡಿ.

500ರ ಮೇಲಿದ್ದಾಗ ಎಲ್‌ಡಿಎಲ್ ಎಷ್ಟು ಅಂತ ಕೂತು ಚರ್ಚೆ ಮಾಡೋ ಹೊತ್ತಲ್ಲ. ಮೊದಲು ಟ್ರೈಗ್ಲಿಸರೈಡ್ ಕೆಳಗಿಳಿಯಬೇಕು. ಮದ್ಯ ಪೂರ್ತಿ ನಿಲ್ಲಬೇಕು, ಸಕ್ಕರೆ ಕಾಯಿಲೆ ಹತೋಟಿಗೆ ಬರಬೇಕು, ಫೆನೋಫೈಬ್ರೇಟ್ ಥರದ ಮಾತ್ರೆ ಇಲ್ಲಿ ಸರಿಯಾದ ಜಾಗದಲ್ಲಿ ಬರುತ್ತೆ. 1000 ದಾಟಿದವರು ಎಲ್ಲ ಬಗೆಯ ಎಣ್ಣೆ, ತುಪ್ಪವನ್ನೂ ಕಟ್ಟುನಿಟ್ಟಾಗಿ ಕಡಿಮೆ ಮಾಡಬೇಕಾಗುತ್ತೆ. ಗಾಣದ ಎಣ್ಣೆ, ಮನೆ ತುಪ್ಪ ಅಂತ ಅದಕ್ಕೆ ವಿನಾಯಿತಿ ಇಲ್ಲ.

ಹೊಟ್ಟೆಯ ಮೇಲ್ಭಾಗದಲ್ಲಿ ಜೋರು ನೋವು, ಬೆನ್ನಿಗೆ ಹೊಡೆಯೋದು, ವಾಂತಿ ಇದ್ದರೆ ಗ್ಯಾಸ್ಟ್ರಿಕ್ ಅಂತ ಮೆಡಿಕಲ್‌ನಿಂದ ಮಾತ್ರೆ ತಗೊಂಡು ಮಲಗಬೇಡಿ, ಆಸ್ಪತ್ರೆಗೆ ಹೋಗಿ. ನಿಮಗೆ ಟ್ರೈಗ್ಲಿಸರೈಡ್ ಜಾಸ್ತಿ ಇದ್ದದ್ದು ಗೊತ್ತಿದ್ದರೆ ಅದನ್ನ ಡ್ಯೂಟಿ ಡಾಕ್ಟರ್‌ಗೆ ಬಾಯಿಬಿಟ್ಟು ಹೇಳಿ. ಕಾರಣ ಎರಡು. ಟ್ರೈಗ್ಲಿಸರೈಡ್ ವಿಪರೀತ ಇದ್ದಾಗ ಅಮೈಲೇಸ್ ಪರೀಕ್ಷೆ ತಪ್ಪಾಗಿ ನಾರ್ಮಲ್ ತೋರಿಸಬಹುದು, ಆಗ ಲೈಪೇಸ್ ಪರೀಕ್ಷೆ ಹೆಚ್ಚು ನಂಬಿಕೆಗೆ ಅರ್ಹ. ಇನ್ನೊಂದು, ಅಡ್ಮಿಟ್ ಆಗಿ ಊಟ ನಿಂತ ಮೇಲೆ ಟ್ರೈಗ್ಲಿಸರೈಡ್ ಬೇಗ ಇಳಿದುಬಿಡುತ್ತೆ. ಮೂರನೇ ದಿನ ಪರೀಕ್ಷೆ ಮಾಡಿದರೆ ಅಸಲಿ ಕಾರಣ ಸಿಗದೇ ಹೋಗಬಹುದು. ಮೊದಲ ದಿನದ ರಕ್ತದಲ್ಲೇ ನೋಡಿದರೆ ಒಳ್ಳೇದು.

200ರಿಂದ 500ರ ಮಧ್ಯೆ ಇರೋರ ಕಥೆ

ನಮ್ಮ ಪೇಟೆಯಲ್ಲಿ ರಿಪೋರ್ಟ್ ಹಿಡಿದು ಓಡಾಡೋರಲ್ಲಿ ಹೆಚ್ಚಿನವರು ಈ ಗುಂಪಿನವರೇ. ಇವರಿಗೆ ಮುಖ್ಯ ಭಯ ಹೃದಯದ್ದು. ಇಲ್ಲಿ ಟ್ರೈಗ್ಲಿಸರೈಡ್ ಬಿಟ್ಟು ಬೇರೆ ನಂಬರ್ ಹಿಡೀಬೇಕು. ಯಾವುದು? ಎಲ್‌ಡಿಎಲ್ ಅಂತ ಹೇಳೋಣ ಅಂದರೆ ಅಲ್ಲೊಂದು ತೊಡಕಿದೆ.

ಎಷ್ಟೋ ಲ್ಯಾಬ್‌ಗಳು ಎಲ್‌ಡಿಎಲ್ ಅನ್ನ ನೇರವಾಗಿ ಅಳೆಯಲ್ಲ, ಲೆಕ್ಕ ಹಾಕ್ತವೆ. 1972ರ ಫ್ರೀಡ್‌ವಾಲ್ಡ್ ಸೂತ್ರ. ಒಟ್ಟು ಕೊಲೆಸ್ಟ್ರಾಲ್‌ನಿಂದ ಎಚ್‌ಡಿಎಲ್ ಕಳೀಬೇಕು, ಆಮೇಲೆ ಟ್ರೈಗ್ಲಿಸರೈಡ್‌ನ ಐದರಲ್ಲಿ ಒಂದು ಭಾಗ ಕಳೀಬೇಕು, ಉಳಿದದ್ದು ಎಲ್‌ಡಿಎಲ್. ರಿಪೋರ್ಟ್‌ನಲ್ಲಿ ವಿಎಲ್‌ಡಿಎಲ್ ಅಂತ ಒಂದು ಸಾಲು ಇರುತ್ತಲ್ಲ, ಅದು ಟ್ರೈಗ್ಲಿಸರೈಡನ್ನ ಐದರಿಂದ ಭಾಗಿಸಿದ್ದು. ನಂಬಿಕೆ ಇಲ್ಲದಿದ್ದರೆ ಕ್ಯಾಲ್ಕುಲೇಟರ್ ತಗೊಂಡು ನೋಡಿ. ಟ್ರೈಗ್ಲಿಸರೈಡ್ 310 ಇದ್ದರೆ ವಿಎಲ್‌ಡಿಎಲ್ 62 ಅಂತಲೇ ಇರುತ್ತೆ. ಒಂದೇ ವಿಷಯವನ್ನ ಎರಡು ಸಾಲಲ್ಲಿ "ಹೈ" ಅಂತ ತೋರಿಸಿದ್ದಕ್ಕೆ ಎರಡು ಕಾಯಿಲೆ ಅಂತ ಹೆದರೋ ಅಗತ್ಯ ಇಲ್ಲ.

ಈ "ಐದರಲ್ಲಿ ಒಂದು" ಅನ್ನೋ ಲೆಕ್ಕ ಟ್ರೈಗ್ಲಿಸರೈಡ್ ಸಾಧಾರಣ ಇದ್ದಾಗ ಸರಿ. ಅದು ಏರುತ್ತಾ ಹೋದ ಹಾಗೆ ಗಾಡಿಯಲ್ಲಿ ಕೊಲೆಸ್ಟ್ರಾಲ್‌ಗಿಂತ ಟ್ರೈಗ್ಲಿಸರೈಡ್ ಪ್ರಮಾಣ ಜಾಸ್ತಿ ಆಗುತ್ತೆ. ಐದರಿಂದ ಭಾಗಿಸಿದಾಗ ಬೇಕಾದ್ದಕ್ಕಿಂತ ಹೆಚ್ಚು ಕಳೆದುಬಿಡ್ತೀವಿ. ಎಲ್‌ಡಿಎಲ್ ನಿಜಕ್ಕಿಂತ ಕಡಿಮೆ ಕಾಣುತ್ತೆ. 400 ದಾಟಿದರೆ ಸೂತ್ರ ಬಳಸಲೇಬಾರದು ಅಂತ ನಿಯಮ ಇದೆ, ಆದರೆ 390 ಇದ್ದವರಿಗೆ ಸೂತ್ರ ಸರಿಯಾಗಿ ನಡೆಯುತ್ತೆ ಅಂತೇನೂ ಇಲ್ಲ. ಒಟ್ಟು ಕೊಲೆಸ್ಟ್ರಾಲ್ 190, ಎಚ್‌ಡಿಎಲ್ 35, ಟ್ರೈಗ್ಲಿಸರೈಡ್ 390 ಇದ್ದವರಿಗೆ ಕಾಗದದ ಮೇಲೆ ಎಲ್‌ಡಿಎಲ್ 77 ಬರುತ್ತೆ. "ಎಲ್‌ಡಿಎಲ್ ಚೆನ್ನಾಗಿದೆ" ಅಂತ ಸಮಾಧಾನ ಪಟ್ಟುಕೊಂಡು ಮನೆಗೆ ಹೋಗೋದು ಇಂಥವರೇ. 2013ರ ಮಾರ್ಟಿನ್-ಹಾಪ್ಕಿನ್ಸ್, 2020ರ ಸ್ಯಾಂಪ್ಸನ್ ಸೂತ್ರಗಳು ಇದನ್ನ ಸಾಕಷ್ಟು ತಿದ್ದಿವೆ. "ಡೈರೆಕ್ಟ್ ಎಲ್‌ಡಿಎಲ್" ಅಂತ ನೇರ ಅಳತೆಯೂ ಇದೆ. ನಿಮ್ಮ ಲ್ಯಾಬ್‌ನಲ್ಲಿ ಯಾವುದು ಮಾಡ್ತಾರೆ ಅಂತ ಕೇಳಿದರೆ ಹೇಳ್ತಾರೆ.

ಕಾಸಿಲ್ಲದೆ ಸಿಗೋ ನಂಬರ್

ಇಷ್ಟೆಲ್ಲ ರಗಳೆ ಇಲ್ಲದ ಒಂದು ನಂಬರ್ ಇದೆ. ನಾನ್-ಎಚ್‌ಡಿಎಲ್ ಕೊಲೆಸ್ಟ್ರಾಲ್. ಒಟ್ಟು ಕೊಲೆಸ್ಟ್ರಾಲ್‌ನಿಂದ ಎಚ್‌ಡಿಎಲ್ ಕಳೆದರೆ ಮುಗೀತು. ಎಲ್‌ಡಿಎಲ್, ವಿಎಲ್‌ಡಿಎಲ್, ರೆಮ್ನೆಂಟ್ ಹೀಗೆ ರಕ್ತನಾಳಕ್ಕೆ ಹಾನಿ ಮಾಡೋ ಎಲ್ಲ ಗಾಡಿಗಳಲ್ಲಿರೋ ಕೊಲೆಸ್ಟ್ರಾಲ್ ಇದರಲ್ಲಿ ಬಂತು. ಟ್ರೈಗ್ಲಿಸರೈಡ್ ಎಷ್ಟೇ ಇರಲಿ ಲೆಕ್ಕ ತಪ್ಪಲ್ಲ. ಖಾಲಿ ಹೊಟ್ಟೆಯೂ ಬೇಕಿಲ್ಲ.

ಇಬ್ಬರಿಗೂ ಎಲ್‌ಡಿಎಲ್ 100 ಅಂತಿಟ್ಟುಕೊಳ್ಳಿ. ಒಬ್ಬರ ಟ್ರೈಗ್ಲಿಸರೈಡ್ 120, ಇನ್ನೊಬ್ಬರದ್ದು 350. ಮೊದಲನೆಯವರ ನಾನ್-ಎಚ್‌ಡಿಎಲ್ ಸುಮಾರು 124, ಎರಡನೆಯವರದ್ದು 170. ಎಲ್‌ಡಿಎಲ್ ಒಂದನ್ನೇ ನೋಡಿದ್ದರೆ ಇಬ್ಬರೂ ಸಮ ಅನ್ನಿಸ್ತಿದ್ದರು.

ಕಾರ್ಡಿಯಾಲಜಿಕಲ್ ಸೊಸೈಟಿ ಆಫ್ ಇಂಡಿಯಾ 2024ರ ಜುಲೈನಲ್ಲಿ ಬಿಡುಗಡೆ ಮಾಡಿದ ಮಾರ್ಗಸೂಚಿ ಕೂಡ ಟ್ರೈಗ್ಲಿಸರೈಡ್ 150 ದಾಟಿದವರಿಗೆ ನಾನ್-ಎಚ್‌ಡಿಎಲ್ ಅನ್ನೇ ಗುರಿಯಾಗಿ ಇಟ್ಟುಕೊಳ್ಳಿ ಅಂತ ಹೇಳಿದೆ. ಸಾಮಾನ್ಯ ಜನಕ್ಕೆ ಅದು 130ರ ಒಳಗಿರಬೇಕು. ಸಕ್ಕರೆ ಕಾಯಿಲೆ, ಬಿಪಿ ಇರೋ ಹೆಚ್ಚು ಅಪಾಯದವರಿಗೆ 100ರ ಒಳಗೆ. ಈಗಾಗಲೇ ಹೃದಯಾಘಾತ, ಸ್ಟ್ರೋಕ್ ಆಗಿರೋರು, ದೀರ್ಘಕಾಲದ ಕಿಡ್ನಿ ತೊಂದರೆ ಇರೋರಿಗೆ 85ರ ಒಳಗೆ. ಎಲ್‌ಡಿಎಲ್‌ಗೆ ಇದೇ ಕ್ರಮದಲ್ಲಿ 100, 70, 55. ಅಂದರೆ ನಾನ್-ಎಚ್‌ಡಿಎಲ್ ಗುರಿ ಎಲ್‌ಡಿಎಲ್ ಗುರಿಗಿಂತ 30 ಜಾಸ್ತಿ ಅಂತ ನೆನಪಿಟ್ಟುಕೊಂಡರೆ ಸಾಕು.

ಕೆಲವು ಲ್ಯಾಬ್‌ಗಳ ರಿಪೋರ್ಟ್‌ನಲ್ಲಿ ಈ ಸಾಲು ಇರುತ್ತೆ, ಕೆಲವದರಲ್ಲಿ ಇರಲ್ಲ. ಇಲ್ಲದಿದ್ದರೆ ಪೆನ್ನಲ್ಲಿ ಬರೆದುಕೊಳ್ಳಿ.

ಅಪೊ-ಬಿ: ನಂಬರ್ ಪ್ಲೇಟ್ ಎಣಿಸೋ ಪರೀಕ್ಷೆ

ಗಾಡಿಗಳ ಸಂಖ್ಯೆಯನ್ನೇ ಎಣಿಸೋ ಪರೀಕ್ಷೆ ಬೇಕು ಅಂದರೆ ಅಪೊಲಿಪೊಪ್ರೋಟೀನ್-ಬಿ. ಡಾಕ್ಟರ್‌ಗಳು ಅಪೊ-ಬಿ ಅಂತಾರೆ. ವಿಎಲ್‌ಡಿಎಲ್ ಇರಲಿ, ರೆಮ್ನೆಂಟ್ ಇರಲಿ, ಎಲ್‌ಡಿಎಲ್ ಇರಲಿ, ಪ್ರತಿ ಗಾಡಿಗೂ ಒಂದೇ ಒಂದು ಅಪೊ-ಬಿ ಇರುತ್ತೆ. ಒಂದು ಗಾಡಿಗೆ ಒಂದು ನಂಬರ್ ಪ್ಲೇಟ್ ಇದ್ದ ಹಾಗೆ. ಅಪೊ-ಬಿ ಅಳೆದರೆ ಗಾಡಿ ಎಣಿಸಿದಂತೆ.

ಟ್ರೈಗ್ಲಿಸರೈಡ್ ಜಾಸ್ತಿ ಇರೋರಿಗೆ, ಸಕ್ಕರೆ ಕಾಯಿಲೆ ಇರೋರಿಗೆ, ಹೊಟ್ಟೆ ಬೊಜ್ಜು ಇರೋರಿಗೆ ಇದು ಹೆಚ್ಚು ಉಪಯೋಗ. ಯಾಕೆಂದರೆ ಇವರಲ್ಲಿ ಎಲ್‌ಡಿಎಲ್ ಗಾಡಿಗಳು ಸಣ್ಣ ಸೈಜಿನವಾಗಿರ್ತವೆ, ಒಂದೊಂದರಲ್ಲೂ ಕೊಲೆಸ್ಟ್ರಾಲ್ ಕಡಿಮೆ. ಎಲ್‌ಡಿಎಲ್ ಕೊಲೆಸ್ಟ್ರಾಲ್ 90 ಅಂತ ಚೆಂದ ಕಂಡರೂ ಗಾಡಿಗಳ ಸಂಖ್ಯೆ ಬೇಜಾನ್ ಇರಬಹುದು. ಯುರೋಪಿನ ಹೃದ್ರೋಗ ತಜ್ಞರ 2019ರ ಮಾರ್ಗಸೂಚಿಯಲ್ಲಿ ಅಪೊ-ಬಿ ಗುರಿ ಅತಿ ಹೆಚ್ಚು ಅಪಾಯದವರಿಗೆ 65ರ ಒಳಗೆ, ಹೆಚ್ಚು ಅಪಾಯದವರಿಗೆ 80, ಮಧ್ಯಮದವರಿಗೆ 100 ಅಂತಿದೆ.

ತಾಲೂಕಿನ ಲ್ಯಾಬ್‌ಗಳಲ್ಲಿ ಇದನ್ನ ಸಾಮಾನ್ಯವಾಗಿ ದೊಡ್ಡ ಊರಿಗೆ ಕಳಿಸಿ ಮಾಡಿಸ್ತಾರೆ. ಖರ್ಚು ಬೇರೆ, ಒಂದೆರಡು ದಿನ ಕಾಯೋದು ಬೇರೆ. ಪ್ರತಿ ಸಲ ಮಾಡಿಸಬೇಕಾದ್ದೇನಿಲ್ಲ. ನಾನ್-ಎಚ್‌ಡಿಎಲ್ ಇನ್ನೂ ಗುರಿಗಿಂತ ಮೇಲಿದ್ದರೆ ಉತ್ತರ ಹೇಗೂ ಗೊತ್ತಾಯಿತು, ಇನ್ನೂ ಇಳಿಸಬೇಕು. ನಾನ್-ಎಚ್‌ಡಿಎಲ್ ಗುರಿ ಹತ್ತಿರ ಬಂದಿದೆ, ಆದರೂ ಮನೆಯಲ್ಲಿ ಹೃದಯಾಘಾತದ ಚರಿತ್ರೆ ಇದೆ, ಮಾತ್ರೆ ಹೆಚ್ಚಿಸಬೇಕಾ ಬೇಡವಾ ಅನ್ನೋ ಅನುಮಾನ ಇದೆ ಅನ್ನುವಾಗ ಅಪೊ-ಬಿಗೆ ದುಡ್ಡು ಹಾಕೋದರಲ್ಲಿ ಅರ್ಥ ಇದೆ.

ನಂಬರ್ ಇಳೀತು, ಹಾರ್ಟ್ ಅಟ್ಯಾಕ್ ಇಳೀಲಿಲ್ಲ

ಇದೆಲ್ಲ ಬರೀ ಪುಸ್ತಕದ ಮಾತಲ್ಲ. ಪೆಮಾಫೈಬ್ರೇಟ್ ಅನ್ನೋ ಔಷಧವನ್ನ ಪ್ರಾಮಿನೆಂಟ್ ಹೆಸರಿನ ಅಂತರರಾಷ್ಟ್ರೀಯ ಟ್ರಯಲ್‌ನಲ್ಲಿ 10,000ಕ್ಕೂ ಹೆಚ್ಚು ಮಧುಮೇಹಿಗಳ ಮೇಲೆ ಪರೀಕ್ಷಿಸಿದರು. ಎಲ್ಲರ ಟ್ರೈಗ್ಲಿಸರೈಡ್ 200ರಿಂದ 499, ಎಚ್‌ಡಿಎಲ್ 40 ಅಥವಾ ಕಡಿಮೆ. ನಮ್ಮ ಪೇಟೆಯ ರಿಪೋರ್ಟ್‌ಗಳೇ ಅನ್ನಿ. 2022ರಲ್ಲಿ ಫಲಿತಾಂಶ ಬಂತು. ಟ್ರೈಗ್ಲಿಸರೈಡ್ ಡಮ್ಮಿ ಮಾತ್ರೆಗೆ ಹೋಲಿಸಿದರೆ ಶೇ. 26ರಷ್ಟು ಇಳಿದಿತ್ತು. ಹೃದಯಾಘಾತ, ಸ್ಟ್ರೋಕ್ ಒಂದಿಷ್ಟೂ ಇಳಿಯಲಿಲ್ಲ. ಯಾಕೆ ಅಂತ ನೋಡಿದರೆ ಎಲ್‌ಡಿಎಲ್ ಶೇ. 12ರಷ್ಟು, ಅಪೊ-ಬಿ ಸುಮಾರು ಶೇ. 5ರಷ್ಟು ಏರಿತ್ತು. ಗಾಡಿಯಿಂದ ಸರಕು ಇಳೀತು, ಗಾಡಿ ಮಾತ್ರ ರಸ್ತೆಯಲ್ಲೇ ಉಳೀತು. ವಿಎಲ್‌ಡಿಎಲ್ ಬೇಗ ಖಾಲಿಯಾಗಿ ಎಲ್‌ಡಿಎಲ್ ಆಯಿತು, ಅಷ್ಟೇ.

ಅದಕ್ಕೂ ಮೊದಲು 2010ರ ಅಕಾರ್ಡ್ ಟ್ರಯಲ್‌ನಲ್ಲಿ ಸ್ಟ್ಯಾಟಿನ್ ತಗೊಳ್ತಿದ್ದ ಮಧುಮೇಹಿಗಳಿಗೆ ಫೆನೋಫೈಬ್ರೇಟ್ ಸೇರಿಸಿದಾಗಲೂ ಒಟ್ಟಾರೆ ಲಾಭ ಕಾಣಲಿಲ್ಲ. ಟ್ರೈಗ್ಲಿಸರೈಡ್ ತುಂಬಾ ಜಾಸ್ತಿ, ಎಚ್‌ಡಿಎಲ್ ತುಂಬಾ ಕಡಿಮೆ ಇದ್ದ ಒಂದು ಸಣ್ಣ ಗುಂಪಿಗೆ ಲಾಭ ಆಗಿರಬಹುದು ಅನ್ನೋ ಸೂಚನೆ ಸಿಕ್ಕಿತ್ತು. ಅದರ ಆಸೆಯ ಮೇಲೇ ಪ್ರಾಮಿನೆಂಟ್ ನಡೆದದ್ದು.

ಈಗ ಒಂದು ಲೆಕ್ಕದ ಉದಾಹರಣೆ ತಗೊಳ್ಳೋಣ. 46 ವರ್ಷದ ಅಂಗಡಿ ಮಾಲೀಕರು, ಸಕ್ಕರೆ ಕಾಯಿಲೆ ಇದೆ. ಒಟ್ಟು ಕೊಲೆಸ್ಟ್ರಾಲ್ 220, ಎಚ್‌ಡಿಎಲ್ 34, ಟ್ರೈಗ್ಲಿಸರೈಡ್ 310. ನಾನ್-ಎಚ್‌ಡಿಎಲ್ 186. ಟ್ರೈಗ್ಲಿಸರೈಡ್ ಮಾತ್ರೆ ಒಂದನ್ನೇ ಕೊಟ್ಟರು ಅಂದುಕೊಳ್ಳಿ. ಮುಂದಿನ ರಿಪೋರ್ಟ್‌ನಲ್ಲಿ ಟ್ರೈಗ್ಲಿಸರೈಡ್ 170, ಒಟ್ಟು 206, ಎಚ್‌ಡಿಎಲ್ 36. ಮನೆಯವರೆಲ್ಲ ಖುಷಿ. ನಾನ್-ಎಚ್‌ಡಿಎಲ್ ಲೆಕ್ಕ ಹಾಕಿ, ಇನ್ನೂ 170. ಇಳಿದದ್ದು ಬರೀ 16.

ಅದರ ಬದಲು ಸ್ಟ್ಯಾಟಿನ್ ಕೊಟ್ಟಿದ್ದರೆ? ಒಟ್ಟು 160, ಎಚ್‌ಡಿಎಲ್ 35, ಟ್ರೈಗ್ಲಿಸರೈಡ್ 240 ಅಂತ ಬಂತು ಅನ್ನಿ. ದಪ್ಪ ಅಕ್ಷರದ "ಹೈ" ಹಾಗೇ ಇದೆ. ಆದರೆ ನಾನ್-ಎಚ್‌ಡಿಎಲ್ 125ಕ್ಕೆ ಬಂದಿದೆ, 61 ಇಳಿದಿದೆ. ಹೃದಯಕ್ಕೆ ಒಳ್ಳೇದಾಗಿದ್ದು ಈ ಎರಡನೇ ರಿಪೋರ್ಟ್‌ನಲ್ಲಿ. ಇವರಿಗೆ ಗುರಿ 100 ಆದ್ದರಿಂದ ಡೋಸ್ ಹೆಚ್ಚಿಸೋದೋ, ಎಜೆಟಿಮೈಬ್ ಸೇರಿಸೋದೋ ಅಂತ ಡಾಕ್ಟರ್ ಯೋಚಿಸಬೇಕಾಗುತ್ತೆ. ಅನಾಹುತ ಆಗೋದು ಎಲ್ಲಿ ಅಂದರೆ, "ಈ ಮಾತ್ರೆ ಕೆಲಸ ಮಾಡ್ಲಿಲ್ಲ, ಟ್ರೈಗ್ಲಿಸರೈಡ್ ಇನ್ನೂ ಜಾಸ್ತಿನೇ ಇದೆ" ಅಂತ ರೋಗಿ ತಾನೇ ಸ್ಟ್ಯಾಟಿನ್ ನಿಲ್ಲಿಸಿದಾಗ.

ಮೀನಿನ ಎಣ್ಣೆ ಕ್ಯಾಪ್ಸೂಲ್ ಬಗ್ಗೆ ಜನ ತುಂಬಾ ಕೇಳ್ತಾರೆ. ಶುದ್ಧ ಇಪಿಎ ಇರೋ ಐಕೊಸಪೆಂಟ್ ಈಥೈಲ್ ಅನ್ನೋ ಔಷಧ ದಿನಕ್ಕೆ 4 ಗ್ರಾಂ ಕೊಟ್ಟಾಗ ರೆಡ್ಯೂಸ್-ಇಟ್ ಟ್ರಯಲ್‌ನಲ್ಲಿ ಹೃದಯ ಸಂಬಂಧಿ ಘಟನೆಗಳು ಶೇ. 25 ಇಳಿದವು. ಬೇರೆ ಬಗೆಯ ಒಮೆಗಾ-3 ಬಳಸಿದ ಸ್ಟ್ರೆಂತ್ ಟ್ರಯಲ್‌ನಲ್ಲಿ 2020ರಲ್ಲಿ ಏನೂ ಲಾಭ ಕಾಣಲಿಲ್ಲ. ಮೊದಲನೆಯದರಲ್ಲಿ ಡಮ್ಮಿಯಾಗಿ ಮಿನರಲ್ ಆಯಿಲ್ ಕೊಟ್ಟಿದ್ದರ ಬಗ್ಗೆ ತಜ್ಞರಲ್ಲಿ ಇನ್ನೂ ಜಗಳ ಇದೆ. ಏನೇ ಇರಲಿ, ಅಂಗಡಿಯಲ್ಲಿ ಸಿಗೋ ಸಣ್ಣ ಕ್ಯಾಪ್ಸೂಲ್‌ನಲ್ಲಿ ಇಪಿಎ ಕೆಲವು ನೂರು ಮಿಲಿಗ್ರಾಂ ಕೂಡ ಇರಲ್ಲ ಎಷ್ಟೋ ಸಲ. ಅದು ಆ ಔಷಧಕ್ಕೆ ಸಮ ಅಲ್ಲ. ಇನ್ನು ನಮ್ಮ ದೇಶದಲ್ಲಿ 2013ರಲ್ಲಿ ಅನುಮತಿ ಸಿಕ್ಕ ಸರೋಗ್ಲಿಟಜಾರ್ ಟ್ರೈಗ್ಲಿಸರೈಡನ್ನ ಚೆನ್ನಾಗಿ ಇಳಿಸುತ್ತೆ, ಹೃದಯಾಘಾತ ತಪ್ಪಿಸುತ್ತೆ ಅಂತ ತೋರಿಸಿದ ದೊಡ್ಡ ಟ್ರಯಲ್ ಅದಕ್ಕಿಲ್ಲ.

ಯಾಕೆ ಏರಿತು ಅನ್ನೋದನ್ನ ಯಾವ ಪರೀಕ್ಷೆ ಹೇಳುತ್ತೆ

ಲಿಪಿಡ್ ಪ್ರೊಫೈಲ್ ಇದನ್ನ ಹೇಳಲ್ಲ. ಮಾತ್ರೆಗೆ ಮೊದಲು ಮೂರು ತಿಂಗಳ ಸರಾಸರಿ ಸಕ್ಕರೆ ಅಂದರೆ ಎಚ್‌ಬಿಎ1ಸಿ, ಥೈರಾಯ್ಡ್‌ನ ಟಿಎಸ್‌ಎಚ್, ಕ್ರಿಯಾಟಿನಿನ್, ಮೂತ್ರದಲ್ಲಿ ಪ್ರೋಟೀನ್, ಲಿವರ್ ಪರೀಕ್ಷೆ ಇಷ್ಟು ನೋಡಿಸಿಕೊಳ್ಳಿ. ಸಕ್ಕರೆ ಹತೋಟಿ ತಪ್ಪಿದಾಗ ಟ್ರೈಗ್ಲಿಸರೈಡ್ ಏರೋದು ಮಾಮೂಲು, ಸಕ್ಕರೆ ಇಳಿದರೆ ಅರ್ಧ ಕೆಲಸ ಆದಂತೆ. ಥೈರಾಯ್ಡ್ ಕಡಿಮೆ ಇರೋದು ಗೊತ್ತಾಗದೆ ಸ್ಟ್ಯಾಟಿನ್ ಶುರು ಮಾಡಿದರೆ ಮೈಕೈ ನೋವು ಬರೋ ಸಾಧ್ಯತೆಯೂ ಜಾಸ್ತಿ. ಸ್ಟಿರಾಯ್ಡ್, ಕೆಲವು ಬಿಪಿ ಮಾತ್ರೆ, ಈಸ್ಟ್ರೊಜೆನ್ ಇರೋ ಗರ್ಭನಿರೋಧಕ ಮಾತ್ರೆ, ಕೆಲವು ಮಾನಸಿಕ ಕಾಯಿಲೆಯ ಔಷಧಗಳೂ ಏರಿಸ್ತವೆ. ತಗೊಳ್ಳೋ ಎಲ್ಲ ಮಾತ್ರೆಯ ಸ್ಟ್ರಿಪ್ ಡಾಕ್ಟರ್‌ಗೆ ತೋರಿಸಿ. ಗರ್ಭಿಣಿಯರು, ಗರ್ಭ ಧರಿಸೋ ಯೋಚನೆಯಲ್ಲಿರೋರು ಅದನ್ನ ಮೊದಲೇ ಹೇಳಬೇಕು.

ಮದ್ಯದ ವಿಷಯದಲ್ಲಿ ಡಾಕ್ಟರ್ ಹತ್ತಿರ ಸುಳ್ಳು ಹೇಳಿದರೆ ಲೆಕ್ಕವೆಲ್ಲ ತಲೆಕೆಳಗಾಗುತ್ತೆ. ಗಲ್ಲಾ ಮೇಲೆ ಕೂತವರ ಟೀ ಕೂಡ ಲೆಕ್ಕಕ್ಕೆ ಬರಬೇಕು. ದಿನಕ್ಕೆ ಏಳು ಟೀ, ತಲಾ ಎರಡು ಚಮಚ ಅಂದರೆ 14 ಚಮಚ ಸಕ್ಕರೆ. ಬೆಲ್ಲದ ಟೀ ಆದರೂ ಟ್ರೈಗ್ಲಿಸರೈಡ್‌ಗೆ ವ್ಯತ್ಯಾಸ ಗೊತ್ತಾಗಲ್ಲ. ರಾತ್ರಿ ಅಂಗಡಿ ಬಾಗಿಲು ಹಾಕಿ ಹತ್ತೂವರೆಗೆ ಅನ್ನ ಉಂಡು ಮಲಗೋದು ಇನ್ನೊಂದು. ತೂಕ ಶೇ. 5ರಿಂದ 10 ಇಳಿದರೆ ಟ್ರೈಗ್ಲಿಸರೈಡ್ ಸುಮಾರು ಶೇ. 20 ಇಳಿಯುತ್ತೆ.

ಯಾವುದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ

ರಿಪೋರ್ಟ್‌ನ ಕೊನೆಯಲ್ಲಿ ಬರೋ ಅನುಪಾತಗಳು ಮಾತ್ರೆ ನಿರ್ಧರಿಸೋಕೆ ಬೇಕಿಲ್ಲ. ಎಚ್‌ಡಿಎಲ್ ಏರಿಸೋ ಮಾತ್ರೆ ಹುಡುಕಬೇಡಿ. ನಿಯಾಸಿನ್ ಕೊಟ್ಟು ಎಚ್‌ಡಿಎಲ್ ಏರಿಸಿದ ಎರಡು ದೊಡ್ಡ ಟ್ರಯಲ್‌ಗಳಲ್ಲೂ ಲಾಭ ಸಿಗಲಿಲ್ಲ. ಲಿಪೊಪ್ರೋಟೀನ್-ಎ ಮಾತ್ರ ಬೇರೆ ವಿಷಯ. ಅದು ಹುಟ್ಟಿನಿಂದ ಬರೋದು, ಟ್ರೈಗ್ಲಿಸರೈಡ್‌ಗೂ ಅದಕ್ಕೂ ಸಂಬಂಧ ಇಲ್ಲ. ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತ ಆಗಿದ್ದರೆ ಜೀವನದಲ್ಲಿ ಒಂದು ಸಲ ನೋಡಿಸಿದರೆ ಸಾಕು.

ರಕ್ತ ಕೊಡೋ ಮುನ್ನ

ಮೊದಲ ಪರೀಕ್ಷೆಗೆ ಖಾಲಿ ಹೊಟ್ಟೆ ಕಡ್ಡಾಯ ಅಲ್ಲ. ಸಾಮಾನ್ಯ ಊಟದ ನಂತರ ಟ್ರೈಗ್ಲಿಸರೈಡ್ ಸರಾಸರಿ 26ರಷ್ಟು ಏರಬಹುದು, ನಾನ್-ಎಚ್‌ಡಿಎಲ್ ಹೆಚ್ಚು ಬದಲಾಗಲ್ಲ. ಆದರೆ ಊಟವಾದ ಮೇಲೆ ಕೊಟ್ಟ ರಕ್ತದಲ್ಲಿ 400 ದಾಟಿದ್ದರೆ 9ರಿಂದ 12 ಗಂಟೆ ಉಪವಾಸವಿದ್ದು ಮತ್ತೆ ಮಾಡಿಸಿ. ನೀರು ಕುಡೀಬಹುದು. ಬೀಗರ ಊಟ, ಜಾತ್ರೆ, ಪಾರ್ಟಿಯ ಮಾರನೇ ದಿನ ಬೇಡ. ಟ್ರೈಗ್ಲಿಸರೈಡ್ ದಿನದಿಂದ ದಿನಕ್ಕೇ ಏರಿಳಿಯುತ್ತೆ. 310 ಇದ್ದದ್ದು 260 ಆದರೆ ಅದು ಮಾತ್ರೆಯಿಂದಲೇ ಆಗಿರಬೇಕಂತಿಲ್ಲ. ಒಂದೇ ಲ್ಯಾಬ್‌ನಲ್ಲಿ ಎರಡು ಸಲ ಮಾಡಿಸಿ ತೀರ್ಮಾನಕ್ಕೆ ಬರೋದು ಒಳ್ಳೇದು.

ಇಂಗ್ಲೆಂಡ್, ಗಲ್ಫ್ ಕಡೆ ಇರೋ ಮಕ್ಕಳು ಕಳಿಸೋ ರಿಪೋರ್ಟ್‌ನಲ್ಲಿ ಟ್ರೈಗ್ಲಿಸರೈಡ್ 3.4 ಅಂತ ಇದ್ದರೆ ಕಡಿಮೆ ಅಂದುಕೊಳ್ಳಬೇಡಿ. ಅಲ್ಲಿನ ಎಷ್ಟೋ ಲ್ಯಾಬ್‌ಗಳ ಅಳತೆ ಮಿಲಿಮೋಲ್. 88.5ರಿಂದ ಗುಣಿಸಿ, ಸುಮಾರು 300. ಕೊಲೆಸ್ಟ್ರಾಲ್ ಆದರೆ 38.7ರಿಂದ.

ಮಾತ್ರೆ ಶುರುವಾಗಿ 4ರಿಂದ 12 ವಾರದೊಳಗೆ ಮತ್ತೆ ಲಿಪಿಡ್ ಪರೀಕ್ಷೆ ಆಗಬೇಕು. ಫೆನೋಫೈಬ್ರೇಟ್ ತಗೊಳ್ಳೋರು ಜೊತೆಗೆ ಕ್ರಿಯಾಟಿನಿನ್ ನೋಡಿಸಬೇಕು. ಸ್ಟ್ಯಾಟಿನ್ ಜೊತೆ ಜೆಮ್‌ಫೈಬ್ರೊಜಿಲ್ ಸೇರಿದರೆ ಸ್ನಾಯುಗಳಿಗೆ ಗಂಭೀರ ಹಾನಿ ಆಗೋ ಅಪಾಯ ಇದೆ. ಎರಡು ಬೇರೆ ಡಾಕ್ಟರ್‌ಗಳ ಚೀಟಿ ಇದ್ದರೆ ಮೆಡಿಕಲ್‌ನವರಿಗೆ ಎರಡನ್ನೂ ಒಟ್ಟಿಗೆ ತೋರಿಸಿ. ಹಳೇ ರಿಪೋರ್ಟ್‌ಗಳನ್ನ ಬಿಸಾಡದೆ ಒಂದು ಫೈಲಲ್ಲಿ ಇಟ್ಟು, ಪ್ರತಿಯೊಂದರ ಮೇಲೂ ನಾನ್-ಎಚ್‌ಡಿಎಲ್ ಎಷ್ಟು ಅಂತ ಬರೆದು ತಗೊಂಡು ಹೋದರೆ ಡಾಕ್ಟರ್‌ಗೂ ಓದೋಕೆ ಸುಲಭ.